ಹಳೇ ಜೀಪಿಗೆ ಪವರ್ ಸ್ಟೇರಿಂಗ್ ಹಾಕಿಸಿದ್ರೆ ತಪ್ಪೇನು?

"ಪವರ್ ಸ್ಟೇರಿಂಗ್ ಹಾಕಿಸಿದ್ರಾ? ಹಂಗಾದ್ರೆ ಇದು ಜೀಪೇ ಅಲ್ಲ ಬಿಡಿ."

ಕಳೆದ ತಿಂಗಳು ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದಾಗ, ಅಂಗಳದಲ್ಲಿ ನಿಲ್ಲಿಸಿದ್ದ ನಮ್ಮ 1996ರ ಎಂಎಂ 540 ಜೀಪಿನ ಬಾನೆಟ್ ಎತ್ತಿಸಿ ನೋಡಿದ ಹಿರಿಯರೊಬ್ಬರು ಹೀಗಂದರು. ಅವರ ಮನೆಯಲ್ಲೂ ಒಂದು ಹಳೇ ಜೀಪಿದೆ. ನಮ್ಮದಕ್ಕಿಂತ ತುಂಬಾ ಹಳೇದು. ತೊಳೆದು, ಬಣ್ಣ ಹೊಡೆಸಿ, ಕಂಪನಿಯಿಂದ ಹೊರಗೆ ಬಂದಾಗ ಹೇಗಿತ್ತೋ ಹಾಗೇ ಇಟ್ಟಿದ್ದಾರೆ. ಆಯುಧಪೂಜೆಗೆ ಹೂವಿನ ಹಾರ ಹಾಕಿ, ನಿಂಬೆಹಣ್ಣು ಹತ್ತಿಸಿ, ಊರೊಳಗೆ ಒಂದು ಸುತ್ತು ಹೊಡೆಸಿ ಮತ್ತೆ ಶೆಡ್ಡಿಗೆ ಸೇರಿಸುತ್ತಾರೆ. ಆ ಪ್ರೀತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಅವತ್ತು ಊಟದ ಪಂಕ್ತಿಯಲ್ಲಿ ಕೂತು ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ನಮ್ಮ ಜೀಪು ಹಾರ ಹಾಕಿಸಿಕೊಳ್ಳುವ ಜೀಪಲ್ಲ. ಮನೆಯಿಂದ ಟಾರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣುದಾರಿ. ಅದರಲ್ಲಿ ನಾಲ್ಕು ಕಡಿದಾದ ತಿರುವು. ಮಲೆನಾಡಿನ ಒಂಟಿಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಆಲ್ಟೊ ಬರಲ್ಲ, ಆಟೊ ಬರಲ್ಲ, ಆಂಬುಲೆನ್ಸಂತೂ ಬರಲ್ಲ. ಅಡಿಕೆ, ಗೊಬ್ಬರ, ಗ್ಯಾಸ್ ಸಿಲಿಂಡರ್, ಬಾಣಂತಿ, ರೋಗಿ, ಮದುವೆಗೆ ಬಂದ ನೆಂಟರು ಎಲ್ಲರಿಗೂ ಅದೇ ಜೀಪು.

ಮೂರು ವರ್ಷದ ಹಿಂದಿನ ಆಷಾಢದಲ್ಲಿ ಒಂದು ರಾತ್ರಿ ಅಜ್ಜಿಗೆ ಉಸಿರು ಕಟ್ಟಲು ಶುರುವಾಯಿತು. ನಾನು ಕೆಲಸದ ಊರಲ್ಲಿದ್ದೆ. ಅಪ್ಪನ ಬಲಭುಜ ಆ ಹೊತ್ತಿಗಾಗಲೇ ಹಿಡಿದುಕೊಂಡು ಆರು ತಿಂಗಳಾಗಿತ್ತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳುತ್ತಿರಲಿಲ್ಲ. ಹಾಗಾಗಿ ಜೀಪು ಹತ್ತಿದ್ದು ಅಮ್ಮ. ಅಮ್ಮನಿಗೆ ಲೈಸೆನ್ಸ್ ಇದೆ, ಹದಿನೈದು ವರ್ಷದಿಂದ ಕಾರು ಓಡಿಸುತ್ತಾಳೆ. ಗೇರು, ಕ್ಲಚ್ಚು, ಫೋರ್ ವೀಲ್ ಯಾವುದೂ ಅವಳಿಗೆ ಹೊಸದಲ್ಲ.

ಮೂರನೇ ತಿರುವಿನಲ್ಲಿ ಗಾಡಿ ತಿರುಗಲಿಲ್ಲ. ಏರು, ಕೆಸರು, ಗಾಲಿ ಕೊರೆದ ಗುಂಡಿ. ಸ್ಟೇರಿಂಗನ್ನು ಸೀಟಿನಿಂದ ಎದ್ದು ನಿಂತು ಎಳೆದರೂ ಅರ್ಧಕ್ಕೆ ನಿಂತಿತು. ಮೂತಿ ಧರೆಗೆ ಹೋಗಿ ತಾಗಿತು. ಹಿಂದೆ ಪ್ರಪಾತ. ಪಕ್ಕದ ಸೀಟಿನಿಂದ ಅಪ್ಪ ಎಡಗೈಯಲ್ಲಿ ಎಳೆಯುವುದು, ಅಮ್ಮ ಎರಡೂ ಕೈಯಲ್ಲಿ ಎಳೆಯುವುದು, ಒಂದಡಿ ಹಿಂದೆ, ಒಂದಡಿ ಮುಂದೆ. ಹಿಂದಿನ ಸೀಟಲ್ಲಿ ಅಜ್ಜಿಯ ಉಸಿರಿನ ಸದ್ದು. ಮೂರು ಕಿಲೋಮೀಟರ್ ದಾರಿಗೆ ನಲವತ್ತು ನಿಮಿಷ ಹಿಡಿಯಿತು. ಅಜ್ಜಿ ಉಳಿದರು, ಈಗಲೂ ಇದ್ದಾರೆ. ಅಮ್ಮ ಮಾತ್ರ ಆಮೇಲೆ ಒಂದು ಮಾತು ಹೇಳಿದಳು: "ಬ್ರೇಕು ನನ್ನ ಮಾತು ಕೇಳ್ತು, ಎಂಜಿನ್ ನನ್ನ ಮಾತು ಕೇಳ್ತು. ಸ್ಟೇರಿಂಗ್ ಒಂದು ಕೇಳಲಿಲ್ಲ."

ಪವರ್ ಸ್ಟೇರಿಂಗ್ ಐಷಾರಾಮ ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ನಮ್ಮ ಕಡೆ ಅದು ಎಸಿ ಇದ್ದಂಗಲ್ಲ, ಸ್ಟೀರಿಯೋ ಇದ್ದಂಗಲ್ಲ. ಮನೆಯಲ್ಲಿ ಯಾರು ಗಾಡಿ ಓಡಿಸಬಹುದು, ಯಾರು ಓಡಿಸಬಾರದು ಅನ್ನುವುದನ್ನು ಅದು ತೀರ್ಮಾನ ಮಾಡುತ್ತದೆ. ಗಟ್ಟಿ ಸ್ಟೇರಿಂಗಿನ ಜೀಪು ಇರುವ ಮನೆಯಲ್ಲಿ ಡ್ರೈವರ್ ಒಬ್ಬನೇ, ಅದೂ ಅವನ ಭುಜ ಚೆನ್ನಾಗಿರುವವರೆಗೆ. ಹಳ್ಳಿಗಳಲ್ಲಿ ಈಗ ಉಳಿದಿರುವವರು ಯಾರು? ಅರವತ್ತು ದಾಟಿದ ಅಪ್ಪಂದಿರು, ಐವತ್ತೈದು ದಾಟಿದ ಅಮ್ಮಂದಿರು. ಮಕ್ಕಳು ನನ್ನ ಹಾಗೆ ಹೊರಗೆ. ನಮ್ಮ ಜೀಪುಗಳಿಗೂ ವಯಸ್ಸಾಯಿತು, ಓಡಿಸುವವರಿಗೂ ವಯಸ್ಸಾಯಿತು. ಎರಡಕ್ಕೂ ಒಟ್ಟಿಗೆ ಒಂದು ಉಪಾಯ ಹುಡುಕಬೇಕಲ್ಲ.

ಹೊಸ ಗಾಡಿ ತಗೊಳ್ಳಿ ಅನ್ನಬಹುದು. ಹೊಸ ಫೋರ್ ವೀಲ್ ಗಾಡಿಯ ರೇಟು ಕೇಳಿದವರು ಆ ಮಾತು ಎರಡನೇ ಸಲ ಹೇಳಲಿಕ್ಕಿಲ್ಲ.

ಇನ್ನು 'ಅದು ಜೀಪೇ ಅಲ್ಲ' ಅನ್ನುವ ಮಾತು. ಈ ಪವರ್ ಸ್ಟೇರಿಂಗ್ ಮೊನ್ನೆ ಮೊನ್ನೆ ಬಂದದ್ದಲ್ಲ. ಅಮೆರಿಕದಲ್ಲಿ ಪಿಯರ್ಸ್ ಆ್ಯರೋ ಅನ್ನುವ ಕಂಪನಿಯಲ್ಲಿ ಲಾರಿಗಳ ಕೆಲಸ ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್, ದೊಡ್ಡ ಲಾರಿ ತಿರುಗಿಸಲು ಡ್ರೈವರ್‌ಗಳು ಪಡುವ ಪಾಡು ನೋಡಿ, 1926ರ ಹೊತ್ತಿಗೇ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸ್ಟೇರಿಂಗನ್ನು ಕಾರಿಗೆ ಹಾಕಿ ಓಡಿಸಿ ತೋರಿಸಿದ್ದ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಭಾರದ ಕವಚದ ಗಾಡಿಗಳಿಗೆ ಅದು ಹೋಯಿತು. ಮಾಮೂಲಿ ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಅಂದರೆ ನಮ್ಮ ಅಂಬಾಸಿಡರ್ ಹುಟ್ಟುವ ಮೊದಲೇ. ನಮಗೆ ತಡವಾಗಿ ಬಂತು, ಅಷ್ಟೆ. ಹಳೇ ಸರ್ಕಾರಿ ಬಸ್ಸಿನ ಡ್ರೈವರ್‌ಗಳು ಘಾಟಿ ತಿರುವಿನಲ್ಲಿ ಅರ್ಧ ಎದ್ದು ನಿಂತು ಸ್ಟೇರಿಂಗ್ ಎಳೆಯುತ್ತಿದ್ದುದನ್ನು ನಮ್ಮ ಹಿಂದಿನವರು ನೋಡಿದ್ದಾರೆ. ಈಗಿನ ಬಸ್ಸುಗಳಲ್ಲಿ ಒಂದು ಕೈಯಲ್ಲಿ ತಿರುಗುತ್ತದೆ. ಅದಕ್ಕೆ ಯಾರೂ ಇದು ಬಸ್ಸೇ ಅಲ್ಲ ಅಂತ ಇಳಿದು ಹೋಗಿಲ್ಲ.

ಆದರೂ ಆ ಹಿರಿಯರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಒಪ್ಪಿಕೊಳ್ಳಬೇಕು. ಹಳೇ ಸ್ಟೇರಿಂಗ್ ಕೈಯಿಗೆ ದಾರಿಯ ಸುದ್ದಿ ಹೇಳುತ್ತದೆ. ಮುಂದಿನ ಗಾಲಿ ಜಾರುತ್ತಿದೆಯೋ, ಕಲ್ಲು ಹತ್ತುತ್ತಿದೆಯೋ, ಕೆಸರಿನಲ್ಲಿ ಹಿಡಿತ ಇದೆಯೋ ಎಲ್ಲ ಅಂಗೈಗೆ ಗೊತ್ತಾಗುತ್ತದೆ. ಅದೇ ಸುದ್ದಿ ಕೆಲವೊಮ್ಮೆ ಏಟಾಗಿಯೂ ಬರುತ್ತದೆ. ಗಾಲಿ ಕಲ್ಲಿಗೆ ಬಡಿದರೆ ಸ್ಟೇರಿಂಗ್ ತಟ್ಟನೆ ತಿರುಗಿ ಹೆಬ್ಬೆರಳು ಮುರಿಯುತ್ತದೆ. 'ಹೆಬ್ಬೆರಳು ಒಳಗೆ ಹಾಕಬೇಡ, ಹೊರಗಿಟ್ಟು ಹಿಡಿ' ಅಂತ ಜೀಪು ಕಲಿಸುವವರು ಮೊದಲ ದಿನವೇ ಹೇಳುವುದು ಅದಕ್ಕೇ. ಪವರ್ ಸ್ಟೇರಿಂಗಿನಲ್ಲಿ ಆ ಏಟನ್ನು ಎಣ್ಣೆ ನುಂಗುತ್ತದೆ. ಅದರ ಜೊತೆಗೆ ಸುದ್ದಿಯೂ ಸ್ವಲ್ಪ ನುಂಗಿಹೋಗುತ್ತದೆ. ನನಗೆ ಇದು ಒಪ್ಪಬಹುದಾದ ವ್ಯಾಪಾರ ಅನ್ನಿಸುತ್ತದೆ. ಆಯುಧಪೂಜೆಯ ಜೀಪಿನವರಿಗೆ ಅನ್ನಿಸದಿದ್ದರೆ ಅವರದ್ದೂ ಸರಿಯೇ.

ನನ್ನ ನಿಜವಾದ ಜಗಳ ಬೇರೆ ಕಡೆ ಇದೆ. ಪವರ್ ಸ್ಟೇರಿಂಗ್ ಹಾಕಿಸಬೇಕೋ ಬೇಡವೋ ಅನ್ನುವುದಕ್ಕಿಂತ, ನಮ್ಮ ಕಡೆ ಅದನ್ನು ಹಾಕುತ್ತಿರುವ ರೀತಿ ನೋಡಿದರೆ ಭಯವಾಗುತ್ತದೆ.

ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯೋಣ. ಟ್ರ್ಯಾಕ್ಟರ್ ಟ್ರೈಲರನ್ನು ಎತ್ತುವ ಎಣ್ಣೆಯ ಬಲವೇ ಇಲ್ಲೂ. ಎಂಜಿನ್ನಿನ ಬೆಲ್ಟಿನಿಂದ ಒಂದು ಸಣ್ಣ ಪಂಪ್ ತಿರುಗುತ್ತದೆ. ಅದು ಎಣ್ಣೆಯನ್ನು ಒತ್ತಡದಲ್ಲಿ ಸ್ಟೇರಿಂಗ್ ಬಾಕ್ಸಿಗೆ ಕಳಿಸುತ್ತದೆ. ಬಾಕ್ಸಿನೊಳಗೆ ಒಂದು ತೆಳ್ಳನೆಯ ಉಕ್ಕಿನ ಸರಳಿದೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದ ವಾಲ್ವ್ ತೆರೆದು, ನೀವು ತಿರುಗಿಸಿದ ಕಡೆಗೇ ಎಣ್ಣೆ ಪಿಸ್ಟನ್ನನ್ನು ನೂಕುತ್ತದೆ. ಕೈ ಬಿಟ್ಟರೆ ಸರಳು ನೆಟ್ಟಗಾಗುತ್ತದೆ, ವಾಲ್ವ್ ಮುಚ್ಚುತ್ತದೆ. ಹಳೇ ಜೀಪುಗಳಿಗೆ ಸಾಮಾನ್ಯವಾಗಿ ಹಾಕುವುದು ಬೊಲೆರೊ ಗಾಡಿಯ ಬಾಕ್ಸು ಮತ್ತು ಪಂಪು. ಒಂದೇ ಕಂಪನಿಯದ್ದು, ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ, ಮೇಸ್ತ್ರಿಗಳಿಗೆ ಕೈ ಪಳಗಿದೆ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ತೊಂದರೆ ಶುರುವಾಗುವುದು ಒಂದು ಗಾಡಿಯ ಬಾಕ್ಸನ್ನು ಇನ್ನೊಂದು ಗಾಡಿಯ ಚಾಸಿಗೆ ಕೂರಿಸುವಾಗ. ರಾಡು ಕೂರಲ್ಲ, ಉದ್ದ ಹೊಂದಲ್ಲ, ತೂತು ಸೇರಲ್ಲ. ಆಗ ನಮ್ಮ ಕಡೆ ಎಲ್ಲದಕ್ಕೂ ಇರುವ ಮದ್ದು ವೆಲ್ಡಿಂಗ್.

ನಮ್ಮ ಜೀಪಿನ ಮೊದಲ ಕೆಲಸ ಹೀಗೇ ಆಯಿತು. ಗ್ಯಾರೇಜಿನ ಹೆಸರು ಬೇಡ, ಅವರು ಕೆಟ್ಟವರಲ್ಲ, ಎಲ್ಲರೂ ಮಾಡುವುದನ್ನೇ ಮಾಡಿದರು. ಎರಡು ದಿನದಲ್ಲಿ ಗಾಡಿ ರೆಡಿ. ಅಮ್ಮ ಒಂದು ಬೆರಳಲ್ಲಿ ಸ್ಟೇರಿಂಗ್ ತಿರುಗಿಸಿ ನಕ್ಕಿದ್ದಳು. ಒಂದೂವರೆ ತಿಂಗಳ ಮೇಲೆ ಅಡಿಕೆ ಮೂಟೆ ಹೇರಿಕೊಂಡು ಘಾಟಿ ಇಳಿಯುವಾಗ ಬಾನೆಟ್ಟಿನಿಂದ ಹೊಗೆ ಬಂತು. ಒತ್ತಡದ ಹೋಸ್ ಪೈಪು ಸೈಲೆನ್ಸರ್ ಕೊಳವೆಗೆ ತಾಗಿ, ಉಜ್ಜಿ, ತೂತಾಗಿತ್ತು. ಎಣ್ಣೆ ಬಿಸಿ ಕೊಳವೆಯ ಮೇಲೆ ಚಿಮ್ಮುತ್ತಿತ್ತು. ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಕಲ್ಲಾಯಿತು. ಅಪ್ಪ ಹೇಗೋ ಧರೆ ಬದಿಗೆ ಒರಗಿಸಿ ನಿಲ್ಲಿಸಿದರು. ಆ ಎಣ್ಣೆಗೆ ಬೆಂಕಿ ಹತ್ತುತ್ತದೆ. ಅವತ್ತು ಹತ್ತಲಿಲ್ಲ.

ಆಮೇಲೆ ಇನ್ನೊಂದು ಕಡೆ ಬಿಚ್ಚಿಸಿ ನೋಡಿದಾಗ ನಿಜವಾದ ಭಯ ಹುಟ್ಟಿತು. ಸ್ಟೇರಿಂಗಿನ ದಂಡವನ್ನು ನಡುವೆ ಕತ್ತರಿಸಿ ಎರಡು ತುಂಡು ಸೇರಿಸಿ ವೆಲ್ಡ್ ಮಾಡಿದ್ದರು. ಬಾಕ್ಸಿನಿಂದ ಗಾಲಿಯ ಕಡೆ ಬಲ ಸಾಗಿಸುವ ಡ್ರಾಪ್ ಆರ್ಮನ್ನು ಕಾಯಿಸಿ ಬಗ್ಗಿಸಿದ್ದರು. ಬಾಕ್ಸ್ ಕೂರಿಸಿದ ಜಾಗದಲ್ಲಿ ಚಾಸಿ ಆಗಲೇ ಬೋಲ್ಟಿನ ತೂತಿನಿಂದ ಕೂದಲಿನಂಥ ಬಿರುಕು ಬಿಟ್ಟಿತ್ತು.

ಈ ಮೂರನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕಂದ್ರೆ ಈ ಬರಹ ಓದಿ ಯಾರಾದರೂ ನಾಳೆಯೇ ಗ್ಯಾರೇಜಿಗೆ ಹೋಗಬಹುದು.

ಡ್ರಾಪ್ ಆರ್ಮ್ ಅಂದರೆ ಬಡಿದು ಹದಮಾಡಿದ ಉಕ್ಕು. ನಮ್ಮೂರ ಕಮ್ಮಾರ ಕತ್ತಿಗೆ ಹದ ಕೊಡುವುದನ್ನು ನೋಡಿದ್ದೀರಲ್ಲ? ಹದ ಕೊಟ್ಟ ಕತ್ತಿಯನ್ನು ಮತ್ತೆ ಕೆಂಪಗೆ ಕಾಯಿಸಿದರೆ ಹದ ಹೋಯಿತು. ಡ್ರಾಪ್ ಆರ್ಮನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದಾಗ ಆಗುವುದೂ ಅದೇ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಮುರಿಯುತ್ತದೆ ಅಥವಾ ಬಾಗುತ್ತದೆ, ಅಷ್ಟೇ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ಗೇರು ಇದೆ, ಹ್ಯಾಂಡ್ ಬ್ರೇಕ್ ಇದೆ. ಡ್ರಾಪ್ ಆರ್ಮ್ ಮುರಿದರೆ ಹಿಂದೆ ಇನ್ನೊಂದು ಏರ್ಪಾಡು ಇಲ್ಲ. ಕೈಯಲ್ಲಿ ಸುಮ್ಮನೆ ತಿರುಗುವ ಒಂದು ಚಕ್ರ ಉಳಿಯುತ್ತದೆ. ಹಾಗಾಗಿ ಅಳತೆಗೆ ಸರಿಯಾದ ಆರ್ಮ್ ಹುಡುಕಿ ಹಾಕಬೇಕು. ದಂಡಕ್ಕೆ ಹಲ್ಲು ಹೊಂದುವ ಯೂನಿವರ್ಸಲ್ ಜಾಯಿಂಟ್ ಹಾಕಿ ಬೋಲ್ಟು ಬಿಗಿಯಬೇಕು. ಜಾಯಿಂಟ್ ಇರುವ ದಂಡದಿಂದ ಇನ್ನೊಂದು ಲಾಭವೂ ಇದೆ. ಹಳೇ ಜೀಪುಗಳ ಸ್ಟೇರಿಂಗ್ ದಂಡ ನೆಟ್ಟಗೆ ಈಟಿಯ ಹಾಗೆ ಡ್ರೈವರನ ಎದೆಗೆ ಗುರಿಯಿಟ್ಟಿರುತ್ತದೆ. ಮುಂದಿನಿಂದ ಗುದ್ದಿದರೆ ಅದು ಹಿಂದಕ್ಕೆ ಬರುತ್ತದೆ. ನಡುವೆ ಜಾಯಿಂಟ್ ಇದ್ದರೆ ಅಲ್ಲಿ ಮಡಚಿಕೊಳ್ಳುವ ಸಾಧ್ಯತೆಯಾದರೂ ಇರುತ್ತದೆ.

ಚಾಸಿಯ ಬಿರುಕಿನ ಕತೆ ಬೇರೆ. ಕೈಯಲ್ಲಿ ತಿರುಗಿಸುವಾಗ ಮನುಷ್ಯನ ಬಲಕ್ಕೆ ಒಂದು ಮಿತಿ ಇದೆ. ಗಾಲಿ ಕಲ್ಲಿಗೆ ಸಿಕ್ಕಿಕೊಂಡರೆ ನಾವೇ ಸೋತು ಬಿಡುತ್ತೇವೆ. ಎಣ್ಣೆ ಸೋಲುವುದಿಲ್ಲ, ನೂಕುತ್ತಲೇ ಇರುತ್ತದೆ. ಆ ನೂಕಿನ ಭಾರ ಪೂರ್ತಿ ಬಾಕ್ಸ್ ಕೂತಿರುವ ಚಾಸಿಯ ಮೇಲೆ. ಹಳೇ ಜೀಪಿನ ಚಾಸಿಯನ್ನು ಆ ಲೆಕ್ಕಕ್ಕೆ ಮಾಡಿದ್ದಲ್ಲ. ಬಾಕ್ಸ್ ಕೂರುವ ಜಾಗಕ್ಕೆ ದಪ್ಪ ಪ್ಲೇಟು ಕೊಟ್ಟು, ಬೋಲ್ಟು ಬಿಗಿದಾಗ ಚಾಸಿ ಒಳಗೆ ಕುಸಿಯದಂತೆ ತೂತಿನಲ್ಲಿ ಕೊಳವೆ ತುಂಡು ಕೂರಿಸಿ ಭದ್ರ ಮಾಡಿದರೆ ಮಾತ್ರ ನಿಲ್ಲುತ್ತದೆ. ಈ ಕೆಲಸಕ್ಕೆ ಅರ್ಧ ದಿನ ಜಾಸ್ತಿ ಹಿಡಿಯುತ್ತದೆ. ಆ ಅರ್ಧ ದಿನವನ್ನೇ ಎಲ್ಲರೂ ಉಳಿಸುವುದು.

ಬೆಲ್ಟು ತುಂಡಾದರೆ, ಪಂಪು ಕೆಟ್ಟರೆ ಏನಾಗುತ್ತದೆ ಅಂತಲೂ ಓಡಿಸುವವರಿಗೆ ಯಾರೂ ಹೇಳುವುದಿಲ್ಲ. ಸ್ಟೇರಿಂಗ್ ಹಳೇ ಕಾಲದಷ್ಟೇ ಗಟ್ಟಿಯಾಗುವುದಿಲ್ಲ, ಅದಕ್ಕಿಂತ ಗಟ್ಟಿಯಾಗುತ್ತದೆ. ಪವರ್ ಬಾಕ್ಸಿನಲ್ಲಿ ಸುತ್ತು ಕಡಿಮೆ, ಆದ್ದರಿಂದ ಪ್ರತಿ ಸುತ್ತಿಗೂ ಬಲ ಜಾಸ್ತಿ ಬೇಕು, ಜೊತೆಗೆ ನಿಂತ ಎಣ್ಣೆಯನ್ನೂ ನೂಕಬೇಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಪವರ್ ಸ್ಟೇರಿಂಗ್ ಹಾಕಿಸಿದ ಜೀಪಿನಲ್ಲಿ ಅದನ್ನು ಮಾಡಿದರೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ನಾವು ಈಗ ಒಂದು ಕೆಲಸ ಮಾಡಿದ್ದೇವೆ. ಅಂಗಳದಲ್ಲಿ ಬೆಲ್ಟು ಬಿಚ್ಚಿ, ಅಮ್ಮನ ಕೈಯಲ್ಲಿ ಜೀಪನ್ನು ನಿಧಾನಕ್ಕೆ ಓಡಿಸಿ, ಆ ಭಾರ ಹೇಗಿರುತ್ತದೆ ಅಂತ ಕೈಗೆ ಪರಿಚಯ ಮಾಡಿಸಿದ್ದೇವೆ. ಒಮ್ಮೆ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ.

ಕರೆಂಟಿನ ಸ್ಟೇರಿಂಗ್ ಹಾಕಿಸಬಹುದಲ್ಲ, ಎಣ್ಣೆ ಪೈಪಿನ ರಗಳೆಯೇ ಇಲ್ಲ ಅಂತ ಈಚೆಗೆ ಕೆಲವರು ಸಣ್ಣ ಕಾರುಗಳಿಂದ ಕಿತ್ತ ಎಲೆಕ್ಟ್ರಿಕ್ ಸ್ಟೇರಿಂಗನ್ನು ಜೀಪಿಗೆ ಹಾಕುತ್ತಿದ್ದಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ನಿಂತಲ್ಲೇ ಪೂರ್ತಿ ತಿರುಗಿಸುವಾಗ ಅದು ಎಳೆಯುವ ಕರೆಂಟು 40 ಆಂಪಿಯರ್ ದಾಟಬಹುದು. ನಮ್ಮ ಹಳೇ ಆಲ್ಟರ್ನೇಟರು, ಹಳೇ ವೈರಿಂಗು, ಮಳೆಯಲ್ಲಿ ಹೆಡ್‌ಲೈಟು, ವೈಪರು ಎಲ್ಲ ಸೇರಿ ಅದನ್ನು ತಡೆಯಬೇಕು. ಮೇಲಾಗಿ ಆ ಯಂತ್ರ ಗಾಡಿಯ ವೇಗ ನೋಡಿ ಬಲ ಹೆಚ್ಚು ಕಡಿಮೆ ಮಾಡುವಂಥದ್ದು. ಜೀಪಿನಿಂದ ಆ ವೇಗದ ಸುದ್ದಿ ಅದಕ್ಕೆ ಹೋಗುವುದೇ ಇಲ್ಲ. ಒಳ್ಳೇ ಕೆಲಸಗಾರರು ಇದಕ್ಕೂ ದಾರಿ ಮಾಡುತ್ತಾರೆ. ಆದರೆ ಕೆಸರು, ನೀರು ದಾಟುವ ಗಾಡಿಗೆ ನಾನು ಎಣ್ಣೆಯದ್ದನ್ನೇ ಹೇಳುತ್ತೇನೆ. ಸೋರಿದರೆ ಕಣ್ಣಿಗೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಎಷ್ಟೋ ಜೀಪುಗಳಿಗೆ ಪವರ್ ಸ್ಟೇರಿಂಗ್ ಬೇಕಾಗಿಯೇ ಇರುವುದಿಲ್ಲ. ನಮ್ಮ ಎರಡನೇ ಮೇಸ್ತ್ರಿ ಇದನ್ನು ತೋರಿಸಿಕೊಟ್ಟರು. ಮುಂದಿನ ಎರಡೂ ಗಾಲಿ ನೆಲ ಬಿಡುವಂತೆ ಜಾಕ್ ಹಚ್ಚಿ, ಭದ್ರವಾಗಿ ಆನಿಕೆ ಕೊಟ್ಟು, ಸ್ಟೇರಿಂಗ್ ತಿರುಗಿಸಿ ನೋಡಿ. ಗಾಲಿ ಗಾಳಿಯಲ್ಲಿದ್ದಾಗಲೂ ಗಟ್ಟಿಯಾಗಿದೆ ಅಂದರೆ ತೊಂದರೆ ನಿಮ್ಮ ಭುಜದಲ್ಲಿಲ್ಲ. ಕಿಂಗ್ ಪಿನ್ ಬೇರಿಂಗಿಗೆ ಗ್ರೀಸ್ ಕಂಡು ವರ್ಷಗಳಾಗಿರಬೇಕು, ಅಥವಾ ಅದರ ಶಿಮ್ಮು ಹೆಚ್ಚುಕಮ್ಮಿಯಾಗಿ ಬಿಗಿ ಕೂತಿರಬೇಕು, ಅಥವಾ ಬಾಕ್ಸಿನಲ್ಲೇ ಎಣ್ಣೆ ಇಲ್ಲ. ಟೈ ರಾಡಿನ ತುದಿಗಳನ್ನೂ ಆಗಲೇ ಅಲ್ಲಾಡಿಸಿ ನೋಡಬೇಕು. ಇನ್ನು ಟೈರು. ಚೆಂದಕ್ಕೆ ಅಂತ ಅಗಲದ ಟೈರು, ಹೊರಗೆ ಚಾಚಿದ ರಿಮ್ಮು ಹಾಕಿಸಿ, ಆಮೇಲೆ ಸ್ಟೇರಿಂಗ್ ಗಟ್ಟಿ ಅಂತ ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಜೀಪು ಹುಟ್ಟಿದ್ದು ಸಣ್ಣ ಟೈರಿಗೆ. ಅಗಲ ಜಾಸ್ತಿಯಾದಷ್ಟೂ ನೆಲಕ್ಕೆ ಉಜ್ಜುವ ರಬ್ಬರು ಜಾಸ್ತಿ. ಸವೆದ ಕಿಂಗ್ ಪಿನ್ನಿನ ಮೇಲೆ ಪವರ್ ಸ್ಟೇರಿಂಗ್ ಹಾಕಿದರೆ ರೋಗ ಮುಚ್ಚಿಹೋಗುತ್ತದೆ, ಒಂದು ದಿನ ಅರವತ್ತರ ವೇಗದಲ್ಲಿ ಮುಂದಿನ ಗಾಲಿಗಳು ಹುಚ್ಚು ಹಿಡಿದ ಹಾಗೆ ನಡುಗಲು ಶುರುಮಾಡುತ್ತವೆ.

ನಮ್ಮದರಲ್ಲಿ ಇದೆಲ್ಲ ಸರಿಮಾಡಿದ ಮೇಲೂ ಅಮ್ಮನಿಗೆ ಮೂರನೇ ತಿರುವು ಕಷ್ಟವೇ ಇತ್ತು. ಹಾಗಾಗಿ ಎರಡನೇ ಸಲ, ಸರಿಯಾಗಿ, ಹಾಕಿಸಿದೆವು. ಎರಡೂ ಸಲದ ಖರ್ಚು ಸೇರಿ ಐವತ್ತು ಸಾವಿರ ದಾಟಿತು. ಮೊದಲೇ ಸರಿಯಾಗಿ ಮಾಡಿಸಿದ್ದರೆ ಮೂವತ್ತೈದರಲ್ಲಿ ಮುಗಿಯುತ್ತಿತ್ತು.

ಈಗ ಕಾನೂನಿನ ವಿಷಯ. ಇಲ್ಲೇ ನನಗೆ ಹೆಚ್ಚು ಸಿಟ್ಟು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಏನು ಹೇಳುತ್ತದೆ? ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬಾರದು. ಮಾರ್ಪಾಡು ಅಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಓದಿತು, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಅಂದಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಸರಿ, ಪವರ್ ಸ್ಟೇರಿಂಗ್ ಇದರಲ್ಲಿ ಬರುತ್ತದೋ ಇಲ್ಲವೋ? ಆ ಸೆಕ್ಷನ್ನಿನಲ್ಲಿ ಸ್ಟೇರಿಂಗ್ ಅನ್ನುವ ಮಾತಿಲ್ಲ. ನಿಮ್ಮ ಆರ್‌ಸಿ ತೆಗೆದು ನೋಡಿ, ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ಸೀಟು ಎಲ್ಲ ಇದೆ. ಸ್ಟೇರಿಂಗ್ ಯಾವ ಬಗೆಯದ್ದು ಅಂತ ಬರೆಯುವ ಜಾಗವೇ ಇಲ್ಲ. ಹಾಗಾದರೆ ತಪ್ಪಲ್ಲ ಅಂತ ಒಬ್ಬರು ವಾದ ಮಾಡಬಹುದು. ಗಾಡಿ ತಿರುಗುವ ವ್ಯವಸ್ಥೆಯೇ ಬದಲಾದರೆ ಮೂಲ ಲಕ್ಷಣ ಬದಲಾದಂತೆ ಅಂತ ಇನ್ನೊಬ್ಬರು ಹೇಳಬಹುದು. ಈ ಅನುಮಾನದ ನಡುವೆ ಸಿಕ್ಕಿಬಿದ್ದವರು ನಾವು. ಇನ್ಶೂರೆನ್ಸ್ ಕಂಪನಿಗೆ ಹೇಳಲು ಭಯ, ಹೇಳದಿದ್ದರೆ ನಾಳೆ ಕ್ಲೈಮ್ ಹೊತ್ತಿಗೆ ತಕರಾರು.

ಇದರಿಂದ ಏನಾಗಿದೆ ಗೊತ್ತಾ? ಕೆಲಸ ನಿಂತಿಲ್ಲ, ಕತ್ತಲೆಗೆ ಹೋಗಿದೆ. ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ, ನೋಡುವವರಿಲ್ಲ. ಆರ್‌ಸಿ ನವೀಕರಣದ ಹೊತ್ತಿಗೆ ಎಷ್ಟೋ ಜನ ಹಳೇ ಬಾಕ್ಸನ್ನೇ ಮತ್ತೆ ಕೂರಿಸಿ, ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ, ಸಹಿ ಆದ ಮೇಲೆ ಮತ್ತೆ ಪವರ್ ಬಾಕ್ಸ್ ಹಾಕುತ್ತಾರೆ. ಸ್ಟೇರಿಂಗಿನಂಥ ಭಾಗವನ್ನು ಹೀಗೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುವುದೇ ಅಪಾಯ. ತಪಾಸಣೆ ಇರುವುದು ಅಪಾಯ ಕಂಡುಹಿಡಿಯಲಿಕ್ಕೆ. ಇಲ್ಲಿ ತಪಾಸಣೆಯ ಭಯವೇ ಅಪಾಯ ಹೆಚ್ಚಿಸುತ್ತಿದೆ.

ದಾರಿ ಇಲ್ಲ ಅಂತಲ್ಲ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದರೆ, ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್ ಆಗಿದ್ದರೆ, ಆರ್‌ಸಿಯಲ್ಲಿ ಬರೆಸಿಕೊಂಡು ಮರ್ಯಾದೆಯಿಂದ ಓಡಿಸಬಹುದು. ಎಂಜಿನ್ನನ್ನೇ ಕಿತ್ತು ಬ್ಯಾಟರಿ, ಮೋಟಾರು ಕೂರಿಸುವ ಕಿಟ್ಟಿಗೂ ಅನುಮೋದನೆಯ ನಿಯಮ ಇದೆ. ವಿಶೇಷಚೇತನರು ತಮ್ಮ ದೇಹಕ್ಕೆ ಹೊಂದುವಂತೆ ಗಾಡಿ ಮಾರ್ಪಡಿಸಿಕೊಳ್ಳಲು ಇದೇ ಕಾಯ್ದೆಯಲ್ಲಿ ಅನುಮತಿ ಪಡೆಯುವ ದಾರಿ ಇದೆ. ಯಂತ್ರ ಎಲ್ಲರ ದೇಹಕ್ಕೂ ಒಗ್ಗುವುದಿಲ್ಲ, ಒಗ್ಗಿಸಬೇಕು ಅನ್ನುವುದನ್ನು ಕಾನೂನೇ ಒಪ್ಪಿದೆ ಅಂತಾಯಿತು. 2019ರ ತಿದ್ದುಪಡಿಯೂ ಮಾರ್ಪಾಡಿನ ಷರತ್ತುಗಳನ್ನು ಕೇಂದ್ರ ಸರ್ಕಾರ ಬರೆಯಬಹುದು ಅನ್ನುತ್ತದೆ. ಹಾಗಾದರೆ ಹಳೇ ಜೀಪಿಗೆ ಅದೇ ಕಂಪನಿಯ ಇನ್ನೊಂದು ಗಾಡಿಯ ಪವರ್ ಸ್ಟೇರಿಂಗ್ ಹಾಕಲು ಒಂದು ಒಪ್ಪಿಗೆಯ ಕಿಟ್, ಇಂತಿಂಥ ಭಾಗ ವೆಲ್ಡ್ ಮಾಡಕೂಡದು ಅನ್ನುವ ಒಂದು ಪುಟದ ನಿಯಮ, ಹಾಕಿಸಿದ ಮೇಲೆ ಒಂದು ತಪಾಸಣೆ, ಆರ್‌ಸಿಯಲ್ಲಿ ಒಂದು ಸಾಲು ಬರೆಯುವುದಕ್ಕೆ ಏನು ಕಷ್ಟ? ಫೀಸು ಇಡಲಿ, ಕೊಡುತ್ತೇವೆ.

ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೇರಿಕೊಂಡು ದಿನಕ್ಕೆ ಎಷ್ಟೋ ಸಲ ಹತ್ತಿ ಇಳಿಯುವ ಜೀಪು ಡ್ರೈವರ್‌ಗಳ ಭುಜ ನೋಡಿದವರು ಇದನ್ನು ಸಣ್ಣ ವಿಷಯ ಅನ್ನುವುದಿಲ್ಲ. ಅವರ ಗಾಡಿಯಲ್ಲಿ ಕೂರುವವರು ನಾಡಿನ ಎಲ್ಲ ಕಡೆಯಿಂದ ಬಂದವರು. ಆ ಗಾಡಿಯ ಡ್ರಾಪ್ ಆರ್ಮ್ ಕಾಯಿಸಿ ಬಗ್ಗಿಸಿದ್ದೋ ಅಲ್ಲವೋ ಅಂತ ಸರ್ಕಾರಕ್ಕೆ ಗೊತ್ತಿರಬೇಕೋ ಬೇಡವೋ?

ಆ ಹಿರಿಯರ ಜೀಪಿಗೂ ಕಾನೂನಿನಲ್ಲಿ ಒಳ್ಳೇ ಜಾಗವಿದೆ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಫೀಸು 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನೋಡುವ ಗಾಡಿ ಬೇರೆ, ದುಡಿಯುವ ಗಾಡಿ ಬೇರೆ ಅನ್ನುವುದು ಕಾನೂನಿಗೆ ಗೊತ್ತಿದೆ. ಅವರಿಗೊಂದು ನಿಯಮ ಬರೆದವರು ನಮಗೂ ಒಂದು ಬರೆಯಲಿ.

ಈ ಮಳೆಗಾಲದಲ್ಲಿ ಅಮ್ಮ ಒಬ್ಬಳೇ ಅಜ್ಜಿಯನ್ನು ಎರಡು ಸಲ ಚೆಕಪ್ಪಿಗೆ ಕರೆದುಕೊಂಡು ಹೋಗಿ ಬಂದಿದ್ದಾಳೆ. ಮೂರನೇ ತಿರುವು ಒಂದೇ ಸಲಕ್ಕೆ ತಿರುಗುತ್ತದಂತೆ. ಜೀಪಿನ ಆರ್‌ಸಿ ನವೀಕರಣ ಹತ್ತಿರ ಬರುತ್ತಿದೆ. ಹಳೇ ಸ್ಟೇರಿಂಗ್ ಬಾಕ್ಸನ್ನು ಅಪ್ಪ ಗುಜರಿಗೆ ಹಾಕಲು ಬಿಟ್ಟಿಲ್ಲ. ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟಿದ್ದಾರೆ.